ಜೀಪಿನ ಗಾಲಿಗೆ ಮೆಂತ್ಯ

ಒಗ್ಗರಣೆ ಡಬ್ಬಿಯಲ್ಲಿ ಯಾವ ಕಾಳು ಮೊದಲು ತೀರುತ್ತದೆ ಎಂಬುದನ್ನು ನೋಡಿದರೆ ಸಾಕು, ಆ ಮನೆಯ ಜಾತಕವನ್ನೇ ಹೇಳಿಬಿಡಬಹುದು ಎಂದು ನನ್ನ ನಂಬಿಕೆ. ಜೀರಿಗೆ ಬೇಗ ತೀರುವ ಮನೆಯಲ್ಲಿ ಬಾಣಂತಿಯೋ ಹೊಟ್ಟೆ ಕೆಟ್ಟ ಹಿರಿಯರೋ ಇದ್ದಾರೆಂದು ತಿಳಿಯಿರಿ. ಒಣಮೆಣಸಿನಕಾಯಿ ಬೇಗ ತೀರಿದರೆ ಸಿಟ್ಟಿನ ಗಂಡಸರು ಇದ್ದಾರೆಂದು ತಿಳಿಯಿರಿ. ನಮ್ಮ ಮನೆಯಲ್ಲಿ ತೀರುತ್ತಿದ್ದುದು ಸಾಸಿವೆ. ಅದರಲ್ಲಿ ಎಣ್ಣೆಗೆ ಬಿದ್ದು ಚಟಪಟ ಸಿಡಿದು ಜನ್ಮ ಸಾರ್ಥಕ ಮಾಡಿಕೊಂಡದ್ದು ಸ್ವಲ್ಪವೇ. ಉಳಿದದ್ದು ಜೀಪಿನ ಗಾಲಿಗೆ ಹೋಗುತ್ತಿತ್ತು. ಜೀಪು ಎಂದರೆ ಗಾಬರಿಯಾಗಬೇಡಿ. ಅಂಗೈಯ ಮೇಲೆ ನಿಲ್ಲುವ ಜೀಪು.

ಸಿಂಧನೂರಿಗೆ ಕಾಲುವೆ ನೀರು ಬಂದು, ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗುತ್ತಿದ್ದ ವರ್ಷಗಳು ಅವು. ನಮ್ಮ ಮನೆಯವರು ಕಾಲುವೆ ಇಲಾಖೆಯಲ್ಲಿ ಜೀಪ್ ಡ್ರೈವರು. ಹೊತ್ತು ಮೂಡುವ ಮೊದಲೇ ಇಂಜಿನಿಯರ್ ಸಾಹೇಬರನ್ನು ಕೂರಿಸಿಕೊಂಡು ಮುಕ್ಕುಂದದ ಕಡೆಗೋ ಮತ್ತೊಂದು ಕಡೆಗೋ ಕಾಲುವೆಯ ಏರಿಯ ಮೇಲೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವರು. ವಾರವೆಲ್ಲ ದೊಡ್ಡ ಜೀಪಿನ ಸಹವಾಸ ಮಾಡಿದವರು ರಜೆಯ ದಿನವಾದರೂ ಅದನ್ನು ಮರೆಯಬಾರದೇ? ಇಲ್ಲ, ಅಂದು ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ ಸಣ್ಣ ಜೀಪು ಕಟ್ಟಲು ಕೂರುವರು. ಮೈಗೆ ಹಾಲವಾಣದ ಹಗುರ ಕಟ್ಟಿಗೆ. ಗಾಲಿಗೆ ದನದ ದವಾಖಾನೆಯಲ್ಲಿ ಬಿಸಾಡಿದ ಸೂಜಿಮದ್ದಿನ ಶೀಶೆಗಳ ರಬ್ಬರು ಬಿರಡೆ. ದೀಪಕ್ಕೆ ನನ್ನ ಹಳೆಯ ಸೀರೆಯ ಚಮಕಿ. ಬಣ್ಣ ಹಚ್ಚುವ ಕುಂಚ ನನ್ನ ತಲೆಗೂದಲಿನದು. ದೊಡ್ಡ ಜೀಪಿನ ಬಲಗಡೆಯ ಮಡ್‌ಗಾರ್ಡಿಗೆ ಎತ್ತಿನ ಕೊಂಬು ತಗಲಿ ತಗ್ಗು ಬಿದ್ದರೆ ಸಣ್ಣ ಜೀಪಿನ ಅದೇ ಜಾಗಕ್ಕೆ ಅಷ್ಟೇ ತಗ್ಗು ಕೊಡದೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಸಾಸಿವೆಯ ಪಾತ್ರ ಬರುವುದು ಕಡೆಯಲ್ಲಿ. ಗಾಲಿಯನ್ನು ಬಿಗಿಯುವ ಬೋಲ್ಟುಗಳೇ ನನ್ನ ಸಾಸಿವೆ ಕಾಳು. ತಟ್ಟೆಗೆ ಸುರುವಿಕೊಂಡು, ಒಂದೇ ಗಾತ್ರದ, ಒಂದೇ ದುಂಡಿನ ಕಾಳುಗಳನ್ನು ಆರಿಸಿ, ಬೆಳ್ಳಿ ಬಂಗಾರದ ಕೆಲಸದ ಪತ್ತಾರ ಕಾಳಪ್ಪನಿಂದ ತಂದ ಚಿಮಟದಲ್ಲಿ ಹಿಡಿದು, ಸರೇಸಿನ ಅಂಟು ಹಚ್ಚಿ ಒಂದೊಂದಾಗಿ ಕೂರಿಸುವರು. ನನ್ನನ್ನು ನೋಡಲು ಬಂದ ದಿನ ಇವರು ಇಷ್ಟು ಆರಿಸಿರಲಿಲ್ಲ. ಒಂದೇ ನೋಟಕ್ಕೆ ಹೂಂ ಅಂದಿದ್ದರು. ಅವರ ಕಣ್ಣಿನ ಮೇಲೆ ನನಗಿದ್ದ ವಿಶ್ವಾಸಕ್ಕೆ ಅದೂ ಒಂದು ಕಾರಣವೆಂದು ನಾಚಿಕೆ ಬಿಟ್ಟು ಹೇಳುತ್ತೇನೆ.

ಒಂದು ಅಮಾವಾಸ್ಯೆಯ ಮುನ್ನಾದಿನ ಮನೆ ಸಾರಿಸಿ, ಇವರ ಗಾಡಿಗಳನ್ನು ಸಾಲಾಗಿಟ್ಟ ಗೋಡೆಗೂಡಿನ ಧೂಳು ಒರೆಸುತ್ತಿದ್ದಾಗ ಹೊಸದಾಗಿ ಕಟ್ಟಿದ ಲಾರಿ ಕೈಗೆ ಬಂತು. ನೋಡುತ್ತೇನೆ, ಗಾಲಿಯಲ್ಲಿ ಸಾಸಿವೆಯಿಲ್ಲ, ಮೆಂತ್ಯವಿದೆ! ಕೇಳಿದೆ. "ಲಾರಿ ಬೋಲ್ಟು ದೊಡ್ಡುವು ಇರತಾವಲೇ. ಒಲಿ ಮುಂದ ಕುಂತಾಕಿಗೆ ಏನ್ ತಿಳೀತೈತಿ?" ಎಂದರು. ಒಲೆಯ ಮುಂದೆ ಕೂತವಳಿಗೆ ಲಾರಿ ತಿಳಿಯದಿರಬಹುದು, ಸರಿ ಎಂದು ಸುಮ್ಮನಾದೆ. ಆದರೆ ಲಾರಿಯ ನಂತರ ಕಟ್ಟಿದ್ದು ಜೀಪು, ಅದಕ್ಕೂ ಮೆಂತ್ಯ. ಅದರ ನಂಬರಿನ ಹಲಗೆ ಬರಿದಾಗಿತ್ತು. ಹಸಿರು ಬಣ್ಣ ಅಂಚು ಮೀರಿ, ಮಕ್ಕಳು ಹಚ್ಚಿದ ಕುಂಕುಮದ ಹಾಗೆ, ಗಾಲಿಯ ಮೇಲೆ ಇಳಿದಿತ್ತು. ಒಲೆಯ ಮುಂದೆ ಕೂತವಳಿಗೆ ಇದು ಮಾತ್ರ ತಿಳಿಯಿತು: ಸಾಸಿವೆ ಅವರ ಕಣ್ಣಿಗೆ ಕಾಣುತ್ತಿಲ್ಲ.

ಕೈಯಲ್ಲಿದ್ದ ಜೀಪು ಕಲ್ಲಿನಷ್ಟು ಭಾರವಾಯಿತು. ನಮ್ಮ ಮಾವನವರಿಗೂ ಹೀಗೆಯೇ ಶುರುವಾದದ್ದು. ಮೊದಲು ಕಾಲಿನ ಮುಳ್ಳು ಕಾಣದಾಯಿತು, ಆಮೇಲೆ ತಟ್ಟೆಯ ರೊಟ್ಟಿ, ಆಮೇಲೆ ಬಾಗಿಲು. ನಾನು ಸೊಸೆಯಾಗಿ ಬಂದಾಗ ಅವರು ಕೋಲು ಹಿಡಿದು, ನನ್ನ ಬಳೆಯ ಸದ್ದಿನ ಮೇಲೆ ನನ್ನ ಗುರುತು ಹಿಡಿಯುತ್ತಿದ್ದರು. ಆ ಕೋಲು ಇನ್ನು ಇವರ ಕೈಗೆ ಬರುತ್ತದೆಯೇ? ಅದಕ್ಕೂ ಮೊದಲು, ಇವರ ಕೈಯಲ್ಲಿರುವುದು ಕೋಲಲ್ಲವಲ್ಲ, ಜೀಪಿನ ಸ್ಟೇರಿಂಗು ಚಕ್ರ! ಒಂದು ಕಡೆ ತುಂಬಿ ಹರಿಯುವ ಕಾಲುವೆ, ಇನ್ನೊಂದು ಕಡೆ ಆಳದ ಗದ್ದೆ, ನಡುವೆ ಮಳೆ ಬಿದ್ದರೆ ಸಾಬೂನಿನಂತೆ ಜಾರುವ ಎರೆಮಣ್ಣಿನ ಏರಿ. ಎತ್ತು ಸಮೇತ ಬಂಡಿಯೊಂದು ಆ ನೀರಿಗೆ ಇಳಿದದ್ದನ್ನು ಊರೆಲ್ಲ ಕಂಡಿತ್ತು.

ಅಂದಿನಿಂದ ನನ್ನ ಕಿವಿ ಬಾಗಿಲಾಚೆಯೇ ವಾಸಮಾಡತೊಡಗಿತು. ಸಂಜೆ ಜೀಪಿನ ಸದ್ದು ಕೇಳಿದರೆ ಲಿಂಗಪೂಜೆಗೆ ಕೂತು, 'ಇವತ್ತಿನ ದಿನ ನೀ ಕೊಟ್ಟೆ ತಂದೆ' ಎಂದು ಒಂದು ಬಿಲ್ವಪತ್ರೆ ಹೆಚ್ಚು ಏರಿಸುವೆ. ಆ ಸದ್ದು ತಡವಾದರೆ ಒಲೆಯ ಮೇಲಿನ ಬೇಳೆ ತಳ ಹಿಡಿದರೂ ಅರಿವಿಲ್ಲ. ಬಾಯಿಬಿಟ್ಟು ಕೇಳಲು ಧೈರ್ಯವಿಲ್ಲ. ಕೆಟ್ಟದ್ದನ್ನು ನಾಲಗೆಯ ಮೇಲೆ ತಂದರೆ ಅಸ್ತು ದೇವತೆಗಳು ಅಸ್ತು ಅಂದುಬಿಡುತ್ತಾರೆ ಎಂದು ಬೆಳೆದವಳು ನಾನು. ಆದ್ದರಿಂದ ಬಾಯಿಯ ಕೆಲಸವನ್ನು ಕೈಗೆ ವಹಿಸಿದೆ. ಕಣ್ಣಿಗೆ ತಂಪೆಂದು ಹೊನಗೊನೆ ಸೊಪ್ಪನ್ನು ಕಾಲುವೆಯ ಬದಿಯಿಂದ ತರಿಸಿ, ಪಲ್ಯ, ಬೇಳೆ, ಚಟ್ನಿ ಎಂದು ಅದಕ್ಕೆ ನಾನಾ ವೇಷ ಹಾಕಿ ಬಡಿಸಿದೆ. "ಏನಲೇ, ಎಮ್ಮಿಗೆ ಮೇವು ಹಾಕಿದಂಗ ಹಾಕಾಕತ್ತೀ! ನಾಳಿಂದ ಕೊಟ್ಟಿಗ್ಯಾಗ ಕಟ್ಟತೀಯೇನು?" ಎಂದು ರೇಗಿದರು. ಎಮ್ಮೆಯ ಕಣ್ಣಾದರೂ ದೊಡ್ಡದಾಗಿ ನಿಚ್ಚಳವಾಗಿರುತ್ತದಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಸೊಪ್ಪು ಸೋತ ಮೇಲೆ ಉಳಿದವನು ಮಸ್ಕಿ ಬೆಟ್ಟದ ಮಲ್ಲಯ್ಯ. ನಮ್ಮ ಕಡೆ ಯಾವ ಅಂಗಕ್ಕೆ ಬಾಧೆಯೋ ಅದರ ಬೆಳ್ಳಿಯ ರೂಪವನ್ನು ದೇವರಿಗೆ ಒಪ್ಪಿಸುವ ಪದ್ಧತಿಯಿದೆ: ಕಾಲಿಗೆ ಬೆಳ್ಳಿ ಕಾಲು, ಕಣ್ಣಿಗೆ ಬೆಳ್ಳಿ ಕಣ್ಣು. ಹರಕೆಯನ್ನು ಗುಟ್ಟಾಗಿ ಹೊತ್ತೆ. ಪತ್ತಾರ ಕಾಳಪ್ಪನಲ್ಲಿಗೆ ಹೋಗಿ, ತವರಿನವರಿಗೆ ಬೇಕು ಎಂದು ಹೇಳಿ, ಒಂದು ಜೋಡಿ ಕಣ್ಣು ಮಾಡಲು ಹಾಕಿ ಬಂದೆ. ಗುಟ್ಟು ಕಾಯುವಷ್ಟು ಬುದ್ಧಿ ನನಗಿತ್ತು. ಆದರೆ ಅದೇ ಕಾಳಪ್ಪನ ಚಿಮಟ ನಮ್ಮ ಮನೆಯಲ್ಲಿದೆ, ಅದನ್ನು ಮರಳಿಸಲು ಒಂದು ದಿನ ಇವರು ಅಲ್ಲಿಗೆ ಹೋಗಿಯೇ ಹೋಗುತ್ತಾರೆ ಎಂದು ಹೊಳೆಯುವಷ್ಟು ಬುದ್ಧಿ ಇರಲಿಲ್ಲ. ಹೋದರು. ಆ ಪುಣ್ಯಾತ್ಮ ಚಿಮಟ ಇಸಿದುಕೊಂಡು, "ಛಲೋ ಬಂದ್ರಿ ನೋಡ್ರಿ. ಅಕ್ಕಾರ ಕಣ್ಣು ತಯಾರಾಗ್ಯಾವ, ಒಯ್ದು ಕೊಡ್ರಿ" ಎಂದು ಕಾಗದದ ಪೊಟ್ಟಣವನ್ನು ಇವರ ಕೈಗೇ ಇಟ್ಟ. ಮಲ್ಲಯ್ಯನಿಗೆ ಹೋಗಬೇಕಾದ ಕಣ್ಣುಗಳು ನನ್ನ ಗಂಡನ ಜೇಬಿನಲ್ಲಿ ಮನೆಗೆ ಬಂದವು.

ಅವರು ಪೊಟ್ಟಣವನ್ನು ಬಿಚ್ಚಿ ನನ್ನ ಮುಂದಿಟ್ಟರು. ಬೆಳ್ಳಿಯ ಎರಡು ಕಣ್ಣು ಎವೆಯಿಕ್ಕದೆ ನನ್ನನ್ನೇ ನೋಡುತ್ತಿದ್ದವು; ಅವರ ಎರಡು ಕಣ್ಣೂ ನೋಡುತ್ತಿದ್ದವು.

"ನನ್ನವ ಹೌದಲ್ಲ ಇವು?"

ನಾನು ತಲೆ ತಗ್ಗಿಸಿದೆ.

"ಯಾರ್ ಹೇಳಿದ್ರು ನಿನಗ?"

"ಮೆಂತೆ ಹೇಳಿತ್ರಿ."

ಬೈಗುಳ ಬರುತ್ತದೆಂದು ಸೆರಗು ಬಿಗಿದುಕೊಂಡೆ. ಬರಲಿಲ್ಲ. ಅವರು ಗೋಡೆಗೆ ಒರಗಿ ಕೂತುಬಿಟ್ಟರು. "ಮೀಟರಿನ ಮುಳ್ಳು ಕಾಣವಲ್ದು. ಮಂಜು ಕವಿದಂಗ ಆಗತೈತಿ. ಅಪ್ಪಗ ಹಿಂಗ ಆಗಿತ್ತಲ್ಲ... ಇವತ್ತ ಮುಳ್ಳು, ನಾಳಿ ದಾರಿ."

"ಸಾಹೇಬ್ರಿಗೆ ಹೇಳ್ರಿ ಮತ್ತ."

"ಹೇಳಿದ್ರ ಕೈಯಾಗ ಗಾಡಿ ಬಿಡತಾರೇನು?"

"ಹೇಳಲಿಲ್ಲಂದ್ರ ಕಾಲುವಿ ನಿಮ್ಮನ್ನ ಬಿಡತೈತೇನ್ರಿ?"

ಇಷ್ಟು ವರ್ಷದ ಸಂಸಾರದಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಹಾಗೆ ಮಾತಾಡಿಸಿದ್ದು ಧೈರ್ಯವಲ್ಲ, ಅಂಜಿಕೆ. ಅವರು ಬೆಳ್ಳಿ ಕಣ್ಣುಗಳನ್ನು ಮತ್ತೆ ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟು, ಲಿಂಗಸುಗೂರಿನಲ್ಲಿ ಕಣ್ಣಿನ ಡಾಕ್ಟರೊಬ್ಬರು ಬಂದಿದ್ದಾರಂತೆ ಎಂದರು. ಅಂದರೆ, ಅವರೂ ವಿಚಾರಿಸಿಟ್ಟಿದ್ದರು, ಹೋಗಲು ಅಂಜಿದ್ದರು.

ಇಬ್ಬರೂ ಲಿಂಗಸುಗೂರಿನ ಬಸ್ಸು ಹತ್ತಿದೆವು. ಬೆಳ್ಳಿ ಕಣ್ಣು ನನ್ನ ಸೆರಗಿನ ಗಂಟಿನಲ್ಲಿದ್ದವು. ಡಾಕ್ಟರು ಇವರ ಕಣ್ಣಿಗೆ ಬೆಳಕು ಬಿಟ್ಟು ಮುಖ ಗಂಟು ಹಾಕಿದಾಗಲೆಲ್ಲ ನಾನು ಮನಸ್ಸಿನಲ್ಲಿ ಪಂಚಾಕ್ಷರಿ ಹೇಳುತ್ತಿದ್ದೆ. ಭಯಕ್ಕೆ ನಾಲ್ಕೇ ಅಕ್ಷರ ನೆನಪಾಗಿ ಐದನೆಯದಕ್ಕೆ ತಡಕಾಡುತ್ತಿದ್ದೆ. ಆಮೇಲೆ ಡಾಕ್ಟರು ಕಿಟಕಿಯಾಚೆ ದೂರದ ಬೇವಿನ ಮರವನ್ನು ಇವರಿಗೆ ತೋರಿಸಿ, "ಅದ್ರಾಗೇನು ಕಾಣತೈತಿ?" ಎಂದು ಕೇಳಿದರು.

"ಕಾಗಿ ಗೂಡು ರೀ. ಒಂದು ತಂತಿ ತುಂಡು ಹೊರಗ ಚಾಚೈತಿ."

ಡಾಕ್ಟರು ತಾವೇ ಕಿಟಕಿಗೆ ಹೋಗಿ ಇಣುಕಿದರು. ಬಳಿಕ ಒಂದು ಪತ್ರಿಕೆಯನ್ನು ಇವರ ಕೈಗಿಟ್ಟು, ಓದಲು ತಡವರಿಸಿದ್ದನ್ನು ಕಂಡು, ಕಣ್ಣ ಮೇಲೆ ಒಂದು ಗಾಜು ಹಿಡಿದರು. ಇವರು ಗಡಗಡ ಓದತೊಡಗಿದರು.

"ನಲವತ್ತು ದಾಟೀರಿ, ಚಾಳೀಸು ಬಂದೈತಿ, ಹತ್ತಿರದ್ದಷ್ಟ ಮಸುಕಾಗತೈತಿ. ಕುರುಡು ಎಲ್ಲಿಂದ ಬರಬೇಕು? ದೂರದ್ದು ನನಗಿಂತ ನಿಮಗ ಛಲೋ ಕಾಣತೈತಿ. ಖುಷಿಲೆ ಗಾಡಿ ಹೊಡೀರಿ."

ಓದಿ ಬರೆದು ಬಾಳುವವರಿಗೆ ಚಾಳೀಸು ಒಂದು ಸುದ್ದಿಯೇ ಅಲ್ಲ. ನಮ್ಮ ಮನೆಗೆ ಮಾತ್ರ ಅದು ಮಾವನವರ ಕೋಲು ಹಿಡಿದು ಬಂದಿತ್ತು, ನಾವು ಕೋಲನ್ನೇ ನೋಡಿದೆವು. ದೂರದ ಭಯವನ್ನು ಅಷ್ಟು ಸ್ಪಷ್ಟವಾಗಿ ಕಂಡವರಿಗೆ ಹತ್ತಿರದ ಕಾರಣ ಮಸುಕಾಗಿತ್ತು. ಅಂದರೆ ಚಾಳೀಸು ನನಗೂ ಬಂದಿತ್ತೆಂದೇ ಅರ್ಥ! ಅಂಜಿಕೆ ಅಂದೇ ಹೊರಟುಹೋಯಿತು ಎಂದರೆ ಸುಳ್ಳಾಗುತ್ತದೆ. ಏರಿ ಅದೇ, ಎರೆಮಣ್ಣೂ ಅದೇ. ಇಷ್ಟು ದಿನ ಇಬ್ಬರೂ ಬೇರೆಬೇರೆಯಾಗಿ ಅಂಜಿದ್ದೆವು, ಇನ್ನು ಕೂಡಿ ಅಂಜಬಹುದಲ್ಲ, ಅದೂ ಒಂದು ಸಣ್ಣ ಕೃಪೆಯೇ.

ಮರಳುವಾಗ ಮಸ್ಕಿಯಲ್ಲಿ ಬಸ್ಸಿಳಿದು ಬೆಟ್ಟ ಹತ್ತಿದೆವು. ಬೇನೆಯಿಲ್ಲದಿದ್ದರೂ ಹೊತ್ತ ಹರಕೆ ಹರಕೆಯೇ. ಗುಡಿಯ ಅಜ್ಜ ಬೆಳ್ಳಿ ಕಣ್ಣುಗಳನ್ನು ತಟ್ಟೆಯಲ್ಲಿಟ್ಟು, "ಯಾರ ಹೆಸರಿಲೆ?" ಎಂದ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. ಇವರ ಕಡೆ ನೋಡಿದೆ. ಇವರು, "ಬಸಮ್ಮನ ಹೆಸರಿಲೆ ಮಾಡ್ರಿ" ಎಂದರು. ನನಗೆ ಅರೆಗಳಿಗೆ ಅದು ನನ್ನದೇ ಹೆಸರೆಂದು ಹೊಳೆಯಲಿಲ್ಲ. ಮದುವೆಯಾದಂದಿನಿಂದ 'ಲೇ' ಎಂದೇ ಕರೆದ ಬಾಯಿ ಅದು.

ಅಜ್ಜ ಬಗ್ಗಿ ನನ್ನ ಮುಖ ನೋಡಿದ. "ಏನಾಗೈತಿ ಈಕಿ ಕಣ್ಣಿಗೆ?"

"ಏನೂ ಆಗಿಲ್ಲ ರೀ," ಎಂದರು ಇವರು. "ಏನೂ ಆಗಬಾರದು ಅಂತ."