ರೇಣವ್ವ ಬರೆದ ಹ್ಯಾಶ್ ಟೇಬಲ್

ಖಾಸಬಾಗದಲ್ಲಿ ನಮ್ಮದೊಂದು ಸಣ್ಣ ಕುರಿ ಆರೋಗ್ಯ ಸಂಸ್ಥೆ ಇತ್ತು. ನಾನು ಲಸಿಕೆಯ ಫ್ರಿಜ್ ನೋಡಿಕೊಳ್ಳುತ್ತಿದ್ದೆ, ರೇಣವ್ವ ಕಂಪ್ಯೂಟರ್ ಆಪರೇಟರ್ ಆಗಿದ್ದಳು. ಖಾನಾಪುರದ ಕಡೆಯ ಕುರಿಗಾರರ ಮನೆತನದವಳು, ಬಿ.ಎಸ್ಸಿ. ಓದಿದವಳು. ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದಳು. ಇದು ೧೯೯೯ರ ಮಾತು.

ಯಾವ ಹಿಂಡಿಗೆ ಯಾವ ಲಸಿಕೆ ಯಾವಾಗ ಹಾಕಿದೆ ಎಂಬ ಹನ್ನೊಂದು ಸಾವಿರ ದಾಖಲೆಗಳು ಆ ಹಳೆಯ ಕಂಪ್ಯೂಟರಿನಲ್ಲಿದ್ದವು. ಹಳೆಯ ಪ್ರೋಗ್ರಾಂ ಪ್ರತಿ ಸಲವೂ ಮೊದಲ ಸಾಲಿನಿಂದ ಹುಡುಕುತ್ತ ಬರುತ್ತಿತ್ತು. ಬಾಗಿಲಲ್ಲಿ ನಿಂತ ಕುರಿಗಾರರು ಉತ್ತರ ಸಿಗುವ ಮೊದಲೇ ಹೊರಟುಬಿಡುತ್ತಿದ್ದರು. ಅವರು ತನ್ನ ಜನ ಎಂಬ ಕಾರಣಕ್ಕೋ ಏನೋ, ರೇಣವ್ವನಿಗೆ ಅದು ಬಹಳ ಚುಚ್ಚುತ್ತಿತ್ತು.

ಶಹಾಪುರದಲ್ಲಿ ಮಧುಕರ ಸರ್ ಅಂತ ನಿವೃತ್ತ ಪಾಲಿಟೆಕ್ನಿಕ್ ಮಾಸ್ತರರಿದ್ದರು. ಆಫೀಸು ಮುಗಿಸಿ ಅವರ ಮನೆಗೆ ಹೋಗಿ ಸಿ ಭಾಷೆ ಕಲಿಯಲಾರಂಭಿಸಿದಳು. ಮೂರನೆಯ ತಿಂಗಳಿಗೆ ಅವರು ಹ್ಯಾಶ್ ಟೇಬಲ್ ಹೇಳಿಕೊಟ್ಟರು. ಹೆಸರಿನ ಅಕ್ಷರಗಳಿಂದಲೇ ಒಂದು ಸಂಖ್ಯೆ ಲೆಕ್ಕ ಹಾಕಿ, ಆ ಸಂಖ್ಯೆಯ ಖಾನೆಯಲ್ಲಿ ದಾಖಲೆ ಇಡಬೇಕು. ಹುಡುಕುವಾಗ ಮತ್ತೆ ಅದೇ ಲೆಕ್ಕ ಹಾಕಿದರೆ ನೇರವಾಗಿ ಅದೇ ಖಾನೆಗೆ ಹೋಗಬಹುದು. ಒಂದೇ ಖಾನೆಗೆ ಎರಡು ಹೆಸರು ಬಿದ್ದಿದ್ದರೆ, ಹೋಲಿಸಿ ನೋಡಿ ಬೇಕಾದದ್ದನ್ನು ಆರಿಸಬೇಕು.

ಆದರೆ ಅವಳಿಗೆ ಬೇಕಾದದ್ದು ಮೂರು ಬಗೆಯ ಹುಡುಕಾಟ. ಕುರಿಯ ಕಿವಿಯ ಬಿಲ್ಲೆಯ ನಂಬರು, ಲಸಿಕೆ ಬಾಟಲಿಯ ನಂಬರು, ಮತ್ತೆ ಕುರಿಗಾರನ ಹೆಸರು ಊರು ಎರಡೂ ಸೇರಿದ್ದು. ಬರೀ ಹೆಸರು ಹೇಳಿದರೆ ಹನ್ನೆರಡು ಜನ ಬೀರೇಶರು ಬರುತ್ತಿದ್ದರು. ಹಾಗಾಗಿ ಮೂರು ಟೇಬಲ್ ಬೇರೆ ಬೇರೆ ಬರೆಯಲು ಹೊರಟಿದ್ದಳು. ಮಧುಕರ ಸರ್ ತಡೆದರು.

“ಮೂರು ಸಲ ಯಾಕ ಬರೀತಿ? ಒಳಗ ಏನು ಇಡಾಕತ್ತೀವಿ ಅಂತ ಟೇಬಲ್ಲಿಗೆ ತಿಳಿಯೂದೇ ಬ್ಯಾಡ. ಲೆಕ್ಕ ಹೆಂಗ ಹಾಕೂದು, ಎರಡೂ ಒಂದೇನೋ ಬ್ಯಾರೇನೋ ಹೆಂಗ ನೋಡೂದು, ಇವೆರಡನ್ನ ನೀ ಬ್ಯಾರೆ ಸಣ್ಣ ಪ್ರೋಗ್ರಾಂ, ಅಂದ್ರ ಫಂಕ್ಷನ್, ಮಾಡಿ ಹೊರಗಿನಿಂದ ಕೊಡು. ಟೇಬಲ್ ಒಂದ ಸಲ ಬರದ್ರ ಮೂರಕ್ಕೂ ಸಾಕು.”

ಎರಡು ತಿಂಗಳು ಅವಳು ರೈಲಿನಲ್ಲಿ ನೋಟ್‌ಬುಕ್ಕಿನ ಮೇಲೆ ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಒಂದು ಶನಿವಾರ ನಮ್ಮ ಡಾಕ್ಟರು ಶುಭದಾ ಅವರನ್ನು ಕರೆದು ತೋರಿಸಿದಳು. ಬಿಲ್ಲೆಯ ನಂಬರು ಒತ್ತಿದ ಕೂಡಲೇ ಉತ್ತರ ಬಂತು. ಬಾಟಲಿಯ ನಂಬರಿಗೂ ಬಂತು. ಆ ಹೊತ್ತಿಗೆ ಅವಳ ತಂದೆ ರಾಯಪ್ಪ ಅಲ್ಲೇ ಬೆಂಚಿನ ಮೇಲಿದ್ದರು. ಅವರ ಹೆಸರು, ಊರು ಕೊಟ್ಟಳು. ಪರದೆಯ ಮೇಲೆ ‘ಇಲ್ಲ’ ಎಂದು ಬಂತು.

“ಇಪ್ಪತ್ತು ವರ್ಷ ಆತು ಈ ಆಫೀಸಿಗೆ ಬರಾಕತ್ತು,” ಅಂದರು ರಾಯಪ್ಪ, “ಈಗ ನಾ ಇಲ್ಲೇನವಾ?”

ಡಾಕ್ಟರು ನಕ್ಕರು. ರೇಣವ್ವನ ಮುಖ ಮಾತ್ರ ಸಪ್ಪಗಾಯಿತು.

ಮರುದಿನ ಭಾನುವಾರ ನನ್ನಿಂದ ಆಫೀಸಿನ ಬಾಗಿಲು ತೆಗೆಸಿಕೊಂಡು ಕುಳಿತಳು. ಹೆಸರಿಗೆ ಮೀಸಲಿಟ್ಟ ಜಾಗದ ಒಂದೊಂದು ಬೈಟನ್ನೂ, ಅಂದರೆ ಒಂದೊಂದು ಅಕ್ಷರದ ಮನೆಯನ್ನೂ, ಪ್ರಿಂಟು ಮಾಡಿ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಹೆಸರಿಗೆ ಇಪ್ಪತ್ತು ಅಕ್ಷರದ ಜಾಗ ಇಟ್ಟಿದ್ದಳು. ರಾಯಪ್ಪ ಎಂಬ ಹೆಸರು ಅದರಲ್ಲಿ ಅರ್ಧವನ್ನೂ ತುಂಬುತ್ತಿರಲಿಲ್ಲ. ಉಳಿದ ಜಾಗದಲ್ಲಿ ಹಿಂದಿನ ಹೆಸರುಗಳ ಚೂರುಪಾರು ಬಿದ್ದಿದ್ದವು. ಅವಳ ಫಂಕ್ಷನ್ ಆ ಕಸವನ್ನೂ ಸೇರಿಸಿ ಲೆಕ್ಕ ಹಾಕುತ್ತಿತ್ತು. ಒಂದೇ ಹೆಸರಿಗೆ ಇವತ್ತೊಂದು ಖಾನೆ, ನಾಳೆ ಇನ್ನೊಂದು. ಹೆಸರು ಮುಗಿದಲ್ಲಿಗೆ ಲೆಕ್ಕವೂ, ಹೋಲಿಕೆಯೂ ನಿಲ್ಲುವಂತೆ ತಿದ್ದಿದಳು. ಅಪ್ಪನ ಹೆಸರು ಕೊಟ್ಟಳು, ಬಂತು. ಹತ್ತು ಸಲ ಕೊಟ್ಟಳು, ಹತ್ತು ಸಲವೂ ಬಂತು.

ಜನವರಿಯಲ್ಲಿ ಖಾನಾಪುರದ ದಾರಿಯಲ್ಲಿ ಬೀಡುಬಿಟ್ಟಿದ್ದ ಎರಡು ಹಿಂಡುಗಳಿಗೆ ಕುರಿ ಸಿಡುಬು ಬಂತು. ಸುತ್ತ ಇನ್ನೂ ನೂರ ನಲವತ್ತು ಹಿಂಡುಗಳಿದ್ದವು. ಎಲ್ಲಕ್ಕೂ ಹಾಕುವಷ್ಟು ಲಸಿಕೆ ನನ್ನ ಫ್ರಿಜ್ಜಿನಲ್ಲಿ ಇರಲಿಲ್ಲ.

“ಯಾವ ಹಿಂಡಿಗೆ ಲಸಿಕಿ ಆಗಿಲ್ಲ ಅನ್ನೂದು ನನಗ ಸಂಜಿ ಒಳಗ ಬೇಕು, ರೇಣವ್ವ,” ಅಂದರು ಡಾಕ್ಟರು.

ಅಲ್ಲಿಗೆ ಹೋಗಿದ್ದ ನಮ್ಮ ಆಫೀಸಿನ ಸಿದ್ದಪ್ಪ ಎಸ್‌ಟಿಡಿ ಬೂತಿನಿಂದ ಒಂದೊಂದೇ ಹೆಸರು, ಊರು ಹೇಳುತ್ತ ಹೋದ. ರಿಸೀವರನ್ನು ಭುಜಕ್ಕೆ ಒತ್ತಿಕೊಂಡು ಅವಳು ಟೈಪು ಮಾಡುತ್ತ ಹೋದಳು. ಅವನು ಮುಂದಿನ ಹೆಸರು ಹೇಳುವಷ್ಟರಲ್ಲಿ ಹಿಂದಿನದರ ಉತ್ತರ ಪರದೆಯ ಮೇಲಿರುತ್ತಿತ್ತು. ಹಳೆಯ ಪ್ರೋಗ್ರಾಮಿನಲ್ಲಿ ಎರಡು ದಿನ ಹಿಡಿಯುವ ಕೆಲಸ ಒಂದು ಗಂಟೆಯೊಳಗೆ ಮುಗಿಯಿತು. ಹತ್ತೊಂಬತ್ತು ಹೆಸರಿಗೆ ‘ಇಲ್ಲ’ ಎಂದು ಬಂದಿತ್ತು. ಉಳಿದವರ ಹಿಂಡುಗಳಿಗೆಲ್ಲ ಸಿಡುಬಿನ ಲಸಿಕೆ ಆಗಿತ್ತು.

ಹಿಂದೊಮ್ಮೆ ಸುಳ್ಳು ಹೇಳಿದ್ದ ಯಂತ್ರ ಅದು. ರೇಣವ್ವ ನನ್ನ ಕಡೆ ನೋಡಿದಳು. ನಾವಿಬ್ಬರೂ ಹಳೆಯ ರಿಜಿಸ್ಟರುಗಳನ್ನು ಇಳಿಸಿ ಆ ಹತ್ತೊಂಬತ್ತನ್ನೂ ಕೈಯಿಂದ ಹುಡುಕಿದೆವು. ಒಂದೂ ಇರಲಿಲ್ಲ. ಟೇಬಲ್ ಹೇಳಿದ್ದು ಖರೆ.

ಸಂಜೆಗೆ ಮೊದಲೇ ಲಸಿಕೆಯ ಜೀಪು ಹೊರಟಿತು. ಮರುದಿನ ಮಧ್ಯಾಹ್ನದೊಳಗೆ ಹತ್ತೊಂಬತ್ತು ಹಿಂಡಿಗೂ ಸೂಜಿ ಬಿತ್ತು. ಸಿಡುಬು ಆ ಎರಡು ಹಿಂಡುಗಳನ್ನು ದಾಟಲಿಲ್ಲ. ತಿಂಗಳು ಕಳೆದು ಡಾಕ್ಟರು ರೋಗ ಹರಡಿಲ್ಲವೆಂದು ವರದಿ ಬರೆದು ಸಹಿ ಹಾಕಿದ ದಿನ ರೇಣವ್ವ ಆಫೀಸಿಗೆಲ್ಲ ಕುಂದಾ ಎಂಬ ಹಾಲಿನ ಸಿಹಿ ಹಂಚಿದಳು.

ಮಧುಕರ ಸರ್ ಅವಳ ಪ್ರೋಗ್ರಾಮಿನ ಹನ್ನೆರಡು ಹಾಳೆಗಳನ್ನು ಕೂತು ಪೂರ್ತಿ ಓದಿದರು. ಮುಂದಿನ ವಾರ ಪಾಠ ಅವಳೇ ಮಾಡಬೇಕೆಂದರು. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಒಂದೂವರೆ ಗಂಟೆ ನಿಂತು ಹೇಳಿದಳಂತೆ. ಸರ್ ಪಾಠಕ್ಕೆ ಬರುತ್ತಿದ್ದ ಬೇರೆ ಹುಡುಗರ ಜೊತೆ ಕುಳಿತು ಟಿಪ್ಪಣಿ ಬರೆದುಕೊಂಡರಂತೆ.

ಬೇಸಿಗೆಯಲ್ಲಿ ಡಾಕ್ಟರು ಎತ್ತು ಎಮ್ಮೆಗಳ ಪಟ್ಟಿಯೂ ಆಗಬೇಕೆಂದರು. ಅವಕ್ಕೆ ಬಿಲ್ಲೆ ಇರಲಿಲ್ಲ. ಮಾಲೀಕ, ಬಣ್ಣ, ಕೋಡಿನ ಗುರುತು ಇವಿಷ್ಟನ್ನೇ ಸೇರಿಸಿ ಹುಡುಕಬೇಕಿತ್ತು. ಎಷ್ಟು ದಿನ ಬೇಕೆಂದು ಕೇಳಿದರು.

“ಟೇಬಲ್ಲಿನ್ಯಾಗ ಒಂದ ಸಾಲೂ ಮುಟ್ಟೂದಿಲ್ರಿ ಡಾಕ್ಟರ,” ಅಂದಳು ರೇಣವ್ವ. “ಹೊಸಾವು ಎರಡ ಫಂಕ್ಷನ್ ಸಾಕು.”

ಊಟವಾದ ಮೇಲೆ ಶುರು ಮಾಡಿದಳು. ನಾಲ್ಕಕ್ಕೆ ಮುಗಿಸಿ, ಐದರ ರೈಲಿಗೆ ಹೊರಟಳು.