ಎರಡು ಕಾಣ್ತಿದೆ
ಹರಳು ಪರೀಕ್ಷಕರ ಮುಂದೆ ಉಂಗುರ ಇಟ್ಟವರು ಉಸಿರು ಬಿಗಿಹಿಡಿದು ಕೂರುತ್ತಾರೆ. ಅವರೋ, ಮೊದಲು ಕನ್ನಡಕ ಒರೆಸುತ್ತಾರೆ, ಆಮೇಲೆ ಮಸೂರ ಒರೆಸುತ್ತಾರೆ, ಬಿಟ್ಟರೆ ಬಂದವರ ಕಣ್ಣನ್ನೂ ಒರೆಸಿಯಾರು. "ಬಿಸಿ ನೋಡೋ ಮಿಷನ್ನು ವಜ್ರ ಅಂತಲೇ ಹೇಳ್ತಲ್ಲ?" ಎಂದರೆ, "ಅದು ವಜ್ರದಂತೆ ಹೊಳೆಯೋ ಮೊಯ್ಸನೈಟ್ ಹರಳು ಕಂಡ್ರೂ ಹಾಗೇ ತಲೆ ಆಡಿಸುತ್ತೆ ತಾಯಿ" ಎನ್ನುತ್ತ ಹರಳನ್ನು ಓರೆಯಾಗಿ ಹಿಡಿದು ಮಸೂರಕ್ಕೆ ಕಣ್ಣು ಹಚ್ಚುತ್ತಾರೆ. ವಜ್ರದೊಳಗೆ ಹಿಂಬದಿಯ ಅಂಚು ಒಂದೇ ಗೆರೆಯಾಗಿ ಕಾಣುತ್ತದೆ. ಮೊಯ್ಸನೈಟ್‌ನೊಳಗೆ ಅದೇ ಗೆರೆ ಜೋಡಿಯಾಗುತ್ತದೆ. ಜೋಡಿ ಕಂಡರೂ 'ನಕಲಿ' ಎಂಬ ಮಾತು ಅವರ ಬಾಯಿಂದ ಸುತರಾಂ ಬಾರದು. ಅದಕ್ಕೂ ಅದರದೇ ಹೆಸರಿರುವಾಗ ಬೈಯುವುದೇಕೆ ಎಂಬುದು ಅವರ ನ್ಯಾಯ. ಸಾವಿನ ಸುದ್ದಿ ತಿಳಿಸುವವರಂತೆ ತಲೆ ತಗ್ಗಿಸಿ, "ಎರಡು ಕಾಣ್ತಿದೆ ತಾಯಿ" ಎನ್ನುತ್ತಾರೆ, ಅಷ್ಟೇ. ಆ ಮಾತಿನಿಂದ ನಿಶ್ಚಯವಾದ ಮದುವೆಗಳು ಮುರಿದಿವೆ, ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಆದರೆ ಆ ಮಾತಿಗೆ ಯಾರೂ ಎದುರಾಡಿಲ್ಲ. ಅಂಗಡಿ ತೆರೆದೊಡನೆ ಅವರು, ತಲೆ ಇನ್ನೂ ಕಪ್ಪಗಿದ್ದಾಗ ಕಿತ್ತು ಬಿಳಿ ಕಾಗದಕ್ಕೆ ಅಂಟಿಸಿದ ತಮ್ಮದೇ ಕೂದಲೊಂದನ್ನು ಮಸೂರದಲ್ಲಿ ನೋಡುತ್ತಾರೆ. ಪ್ರಾರ್ಥನೆಯೇನೋ ಎಂದುಕೊಂಡಿದ್ದ ಮಗಳು ಒಮ್ಮೆ ಕೇಳಿದ್ದಕ್ಕೆ, "ಹರಳಿಗಿಂತ ಮೊದಲು ಕಣ್ಣನ್ನ ಪರೀಕ್ಷೆ ಮಾಡ್ಬೇಕಮ್ಮ" ಎಂದಿದ್ದರು. ಈಚೆಗೆ ಆ ನೋಟ ದೀರ್ಘವಾಗುತ್ತಿದೆ. ಇವತ್ತು ಬಾಗಿಲಲ್ಲಿ ಗಿರಾಕಿಗಳು ಕಾದಿರುವಾಗ, ಕೂದಲಿನ ಮೇಲಿಂದ ಮಸೂರ ಎತ್ತಿ, ಒರೆಸಿ, ಮತ್ತೆ ನೋಡಿ, ತಲೆ ತಗ್ಗಿಸಿ ಮಗಳಿಗೆ ಮೆಲ್ಲಗೆ ಹೇಳಿದರು: "ಎರಡು ಕಾಣ್ತಿದೆ ತಾಯಿ."