ಸೋಗೆ ಹೊದ್ದ ತಗಡು

ನಂದೊಳ್ಳಿಯ ನನ್ನ ಹಿಟ್ಟಿನ ಗಿರಣಿಗೆ ಬರುವ ಹೆಚ್ಚಿನವರು ಕಾಳು ಸುರಿದು, ನಾಲ್ಕು ಊರ ಸುದ್ದಿ ಮಾತಾಡಿ, ಹಿಟ್ಟು ಹೊತ್ತು ಹೋಗುತ್ತಾರೆ. ಪಾರ್ವತವ್ವ ಹಾಗಲ್ಲ. ಕಲ್ಲು ಬಿಸಿಯಾದರೆ ಹಿಟ್ಟಿನ ವಾಸನೆ ಯಾಕೆ ಬೇರೆ, ಬೆಲ್ಟು ಯಾಕೆ ಒಂದೇ ಕಡೆ ಜಾರುತ್ತದೆ, ಜೋಳಕ್ಕಿಂತ ರಾಗಿ ಬೀಸುವಾಗ ಮೋಟಾರಿನ ದನಿ ಯಾಕೆ ಸಣ್ಣ, ಎಲ್ಲ ಅವಳಿಗೆ ಬೇಕು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಎಷ್ಟೋ ಸಲ ಡಬ್ಬಿ ಕೈಗೆ ಕೊಟ್ಟು, ಹೋಗು ಮಾರಾಯ್ತಿ, ನನ್ನ ತಲೆ ತಿನ್ನಬೇಡ ಎಂದು ಹೊರಗೆ ಅಟ್ಟಿದ್ದೇನೆ. ಮರುದಿನ ಏನೂ ಆಗದವಳ ಹಾಗೆ ಬಂದು ಕಟ್ಟೆಯ ಮೇಲೆ ಕೂರುತ್ತಾಳೆ.

ಅವಳ ಮನೆ ಊರಿನ ಮೇಲ್ಬದಿ, ಗುಡ್ಡದ ಇಳಿಜಾರಿನಲ್ಲಿ. ಗಂಡ ಇದ್ದಾಗ ಇಬ್ಬರೂ ಮಣ್ಣು ತುಳಿದು ಕಟ್ಟಿದ್ದು. ಮಳೆ ಈಗ ಮೊದಲಿನ ಹಾಗಲ್ಲ ನೋಡಿ, ವಾರಗಟ್ಟಲೆ ಮುಖ ತೋರಿಸದೆ ಆಮೇಲೆ ಒಂದೇ ದಿನ ಎಲ್ಲ ಸುರುವಿಬಿಡುತ್ತದೆ. ಅಂಥದೇ ಒಂದು ಮಳೆಗೆ ಅವಳ ಮನೆಯ ಹಿಂದೆ ನೆಲ ಬಿರುಕು ಬಿಟ್ಟಿತು, ಅಂಗೈ ಇಳಿಯುವಷ್ಟು. ಯಲ್ಲಾಪುರದಲ್ಲಿ ಗೂಡ್ಸ್ ರಿಕ್ಷಾ ಓಡಿಸುವ ಮಗ ಉಲ್ಲಾಸ, ಮನೆ ಬಿಟ್ಟು ಕೆಳಗೆ ಹೋಗೋಣ ಅಂದ. ನೆಂಟರು, ಮಣ್ಣು ತುಂಬಿ ಮೇಲೆ ಸಿಮೆಂಟು ಹಾಕು, ಏನೂ ಆಗೂದಿಲ್ಲ ಅಂದರು. ಅಷ್ಟರಲ್ಲಿ ಸೊಸೆ ದಿವ್ಯಾ ಚೊಚ್ಚಲ ಹೆರಿಗೆಗೆಂದು ಹಾನಗಲ್ಲಿನ ತವರಿಗೆ ಹೋದಳು. ಮಗು ಹುಟ್ಟಿ ಐದನೆಯ ತಿಂಗಳಿಗೆ ಈ ಮನೆಗೆ ಬರಬೇಕು. ಬಿರುಕಿನ ಕೆಳಗೆ ತೊಟ್ಟಿಲು ಕಟ್ಟುವುದೋ ಬೇಡವೋ? ಪಾರ್ವತವ್ವ ಗಿರಣಿಯ ಕಟ್ಟೆಯ ಮೇಲೆ ಕೂತು ನನಗೆ ಹೇಳಿದ್ದು ಇಷ್ಟೇ.

“ಹೆದರಿ ಮನಿ ಬಿಡೂದಿಲ್ಲ ಶಾಂಭವಕ್ಕ. ಗುಡ್ಡ ಕೆಳಗ ಸರಿಯಾಕತ್ತೇತಿ ಅಂತ ತಿಳೀತಂದ್ರ ಆವತ್ತೇ ಬಿಡ್ತೀನಿ.”

ಯಾರನ್ನು ಕೇಳುವುದು? ಗುಡ್ಡಕ್ಕೆ ಬಾಯಿ ಇದೆಯಾ?

ಆ ಬೇಸಿಗೆಯಲ್ಲಿ ಅಭಿಜ್ಞಾ ಎಂಬ ಹುಡುಗಿ ಬಂದಳು. ಸಿದ್ದಾಪುರದ ಕಡೆಯವಳು, ಹವಾಮಾನದ ಸಂಶೋಧನೆ ಮಾಡುವವಳು. ಮಳೆಯ ರೀತಿ ಬದಲಾದ ಹಾಗೆ ಗುಡ್ಡಗಳಿಗೆ ಏನಾಗುತ್ತಿದೆ ಎಂದು ಉಪಗ್ರಹದಿಂದ ನೋಡುತ್ತಾರಂತೆ. ಬಿರುಕಿನ ಸುದ್ದಿ ಕೇಳಿ ಬಂದವಳು ಪಾರ್ವತವ್ವನ ಹಿತ್ತಲಲ್ಲಿ ಒಂದು ವಸ್ತು ನಿಲ್ಲಿಸಿದಳು. ಮೂರು ದೊಡ್ಡ ತಗಡು, ಪೆಟ್ಟಿಗೆಯ ಒಂದು ಮೂಲೆಯನ್ನು ಕೊಯ್ದು ಇಟ್ಟ ಹಾಗೆ ಕೂಡಿಸಿದ್ದು, ಬಾಯಿ ಆಕಾಶಕ್ಕೆ. ವಯರಿಲ್ಲ, ಬ್ಯಾಟರಿ ಇಲ್ಲ. ಉಪಗ್ರಹ ಮೇಲಿಂದ ರೇಡಿಯೋ ಅಲೆ ಬಿಡುತ್ತದೆ, ತಗಡು ಅದನ್ನು ಬಂದ ದಾರಿಯಲ್ಲೇ ವಾಪಸು ಕಳಿಸುತ್ತದೆ, ಚಿತ್ರದಲ್ಲಿ ಅಲ್ಲೊಂದು ಬೆಳ್ಳಗಿನ ಚುಕ್ಕೆ ಬರುತ್ತದೆ. ತಗಡು ಉಗುರಿನ ದಪ್ಪ ಸರಿದರೂ ಲೆಕ್ಕಕ್ಕೆ ಸಿಗುತ್ತದೆ. ಮೋಡ ಇದ್ದರೂ ಅಡ್ಡಿಯಿಲ್ಲ.

ಪಾರ್ವತವ್ವ ಅವಳನ್ನು ಬಿಟ್ಟಾಳಾ? ಮೋಡ ದಾಟುವ ಅಲೆಗೆ ತಗಡು ಯಾಕೆ ದಾಟಲಿಕ್ಕಾಗುವುದಿಲ್ಲ, ನನ್ನ ಮನೆಯ ಹೆಂಚು ಕಾಣುತ್ತದಾ, ಎಮ್ಮೆ ಅಡ್ಡ ನಿಂತರೆ? ಹುಡುಗಿ ಒಳ್ಳೆಯವಳು, ಎಲ್ಲಕ್ಕೂ ಉತ್ತರ ಕೊಟ್ಟಳು. ಉಪಗ್ರಹ ಸುಮಾರು ಎರಡು ವಾರಕ್ಕೊಮ್ಮೆ ಬೆಳಗಿನ ಜಾವ ಈ ಊರಿನ ಮೇಲೆ ಹಾಯುತ್ತದೆ ಅಂದಳು. ಹೊರಡುವಾಗ ಒಂದೇ ಕೆಲಸ ವಹಿಸಿದಳು: ತಗಡಿನೊಳಗೆ ಎಲೆ ಬೀಳಬಾರದು, ನೀರು ನಿಲ್ಲಬಾರದು.

ಊರಿನವರಿಗೆ ಹಬ್ಬ. ಏನವ್ವಾ, ಆಕಾಶಕ್ಕೆ ಕನ್ನಡಿ ಹಿಡಿದಿದ್ದೀಯಂತೆ, ಮುಖ ನೋಡಿಕೊಳ್ತದೋ ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುವವರೇ ಎಲ್ಲ. ಅವಳು ಡಬ್ಬಿ ಹೊತ್ತು ನಡೆದೇಬಿಡುತ್ತಿದ್ದಳು. ನನ್ನ ಹತ್ತಿರ ಮಾತ್ರ, ಅದು ನಿಜಕ್ಕೂ ನೋಡ್ತದೇನೋ, ನೋಡಿದ್ದು ನಮಗೆ ಹೆಂಗ ಗೊತ್ತಾಗಬೇಕು ಎಂದು ದಿನಾ ಕೇಳುತ್ತಿದ್ದಳು. ನನಗೆಂತ ಗೊತ್ತು?

ಮಳೆ ಹಿಡಿಯುವ ಹೊತ್ತಿಗೆ ನಮ್ಮ ಕಡೆ ಎಂತ ಮಾಡುತ್ತೇವೆ? ನೆನೆಯಬಾರದ್ದಕ್ಕೆಲ್ಲ ಅಡಿಕೆ ಮರದ ಗರಿ, ಅದೇ ಸೋಗೆ, ಹೊದಿಸುತ್ತೇವೆ. ಕಟ್ಟಿಗೆಗೆ ಸೋಗೆ, ಹುಲ್ಲಿನ ಬಣವೆಗೆ ಸೋಗೆ, ಜಗಲಿಗೆ ಇರಚಲು ಹೊಡೆಯದ ಹಾಗೆ ಸೋಗೆಯ ತಟ್ಟಿ. ಎಲೆ ಬೀಳಬಾರದು, ನೀರು ನಿಲ್ಲಬಾರದು ಅಂದಮೇಲೆ ಕೇಳಬೇಕಾ? ಪಾರ್ವತವ್ವ ನನ್ನ ಹಿತ್ತಲಿನ ಅಡಿಕೆ ಸೋಗೆಯನ್ನೇ ಹೊರೆ ಹೊರೆ ಒಯ್ದು, ತಗಡಿಗೆ ಮಾಡು ಕಟ್ಟಿದಳು. ಒಂದರ ಮೇಲೊಂದು, ದಪ್ಪಗೆ, ಬಾಯಿಯೂ ಮುಚ್ಚುವ ಹಾಗೆ. ಏನು ಚಂದ ಕಟ್ಟಿದ್ದಳು! ನಾನೇ ಹೋಗಿ ನೋಡಿ ಹೊಗಳಿ ಬಂದೆ.

ಆಷಾಢದಲ್ಲಿ ಅಭಿಜ್ಞಾ ಫೋನು ಮಾಡಿದಳಂತೆ. ಎಲೆ ಬಿದ್ದಿದೆಯಾ, ನೀರು ನಿಂತಿದೆಯಾ ಎಂದು ಕೇಳಿದಳಂತೆ. ಒಂದು ಎಲಿ ಇಲ್ಲ, ಒಂದು ಹನಿ ಇಲ್ಲ ಎಂದು ಪಾರ್ವತವ್ವ ಎದೆ ತಟ್ಟಿ ಹೇಳಿದಳು. ಸುಳ್ಳೇನಲ್ಲವಲ್ಲ. ಶ್ರಾವಣದಲ್ಲಿ ದಿವ್ಯಾಗೆ ಹೆಣ್ಣುಮಗು ಹುಟ್ಟಿತು. ಆ ಮಳೆಗಾಲವಿಡೀ ಪಾರ್ವತವ್ವ ಮೊಮ್ಮಗಳ ಮುಖ ನೋಡಿದ್ದು ಫೋನಿನಲ್ಲೇ.

ನವರಾತ್ರಿ ಕಳೆದ ಮೇಲೆ ಅಭಿಜ್ಞಾ ಬಂದಳು. ನಾನೂ ಜೊತೆಗೆ ಗುಡ್ಡ ಹತ್ತಿದೆ. ಹಿತ್ತಲಿಗೆ ಬಂದವಳು ಸೋಗೆಯ ಗುಡ್ಡೆ ನೋಡಿ ನಿಂತೇಬಿಟ್ಟಳು. ಲ್ಯಾಪ್‌ಟಾಪ್ ತೆಗೆದು ಚಿತ್ರ ತೋರಿಸಿದಳು. ಮೇ ತಿಂಗಳಲ್ಲಿ ಬೆಳ್ಳಗೆ ಹೊಳೆಯುವ ಚುಕ್ಕೆ. ಜೂನಿನಿಂದ ಆಚೆ ಚುಕ್ಕೆಯೇ ಇಲ್ಲ, ಸುತ್ತಲಿನ ಬೂದು ಬಣ್ಣದಲ್ಲಿ ಅದೂ ಒಂದು. ಒಣ ಸೋಗೆ ಆಗಿದ್ದರೆ ಅಷ್ಟು ತೊಂದರೆಯಿರಲಿಲ್ಲ, ನೆನೆದ ಸೋಗೆ ಅಲೆಯನ್ನೆಲ್ಲ ತಡೆದುಬಿಟ್ಟಿತ್ತು. ಗುಡ್ಡ ಸರಿಯುವುದಿದ್ದರೆ ಮಳೆಯಲ್ಲೇ. ಆ ಮಳೆಗಾಲ ಪೂರ್ತಿ ತಗಡು ಕಣ್ಣು ಮುಚ್ಚಿ ಕೂತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಮುಚ್ಚಬಾರದು ಅಂತ ಬಾಯಿಬಿಟ್ಟು ಹೇಳಲಿಕ್ಕೆ ಎಂತಾಗಿತ್ತೇ ತಂಗಿ, ನೀನೂ ಇದೇ ಮಲೆನಾಡಿನವಳಲ್ಲವಾ ಎಂದು ಬೈದುಬಿಟ್ಟೆ. ಹುಡುಗಿ ತಲೆ ತಗ್ಗಿಸಿದಳು. ಪಾರ್ವತವ್ವ ನನ್ನ ಕಡೆ ನೋಡಲೂ ಇಲ್ಲ. ಅವಳ ಕಣ್ಣು ಆ ಚಿತ್ರದ ಮೇಲೇ ಇತ್ತು, ಮುಖ ಬೆಳಗಿತ್ತು.

“ನಾ ಹೊದಿಸಿದ್ದು ಅದಕ್ಕ ಗೊತ್ತಾಗೇತಿ,” ಅಂದಳು. “ಹಂಗಾರ ಅದು ಖರೇನ ನೋಡತೈತಿ.”

ಆಮೇಲೆ ಮೂವರೂ ಸೇರಿ ಸೋಗೆ ಕಿತ್ತೆವು. ಮಳೆಯ ನಡುವೆ ಯಾವಾಗ ಎಷ್ಟು ಸರಿಯಿತು ಎಂಬುದು ಇನ್ನು ಸಿಗುವುದಿಲ್ಲ, ಆದರೆ ಹೊದಿಸುವ ಮೊದಲು ಎಲ್ಲಿತ್ತು, ಈಗ ಎಲ್ಲಿದೆ ಎಂದು ಹೋಲಿಸಿ ನೋಡಬಹುದು ಎಂದಳು ಅಭಿಜ್ಞಾ. ಉಪಗ್ರಹ ಒಂದೆರಡು ಸಲ ಹಾದುಹೋಗಲಿ, ತಿಳಿಸುತ್ತೇನೆ ಎಂದು ಮಾತು ಕೊಟ್ಟು ಹೋದಳು.

ಉಪಗ್ರಹ ಬರುವ ಬೆಳಿಗ್ಗೆ ಪಾರ್ವತವ್ವ ತಗಡನ್ನು ಸೀರೆಯ ಸೆರಗಿನಿಂದ ಒರೆಸಿ ಪಕ್ಕದಲ್ಲಿ ನಿಂತಿದ್ದಳು. ನನ್ನನ್ನೂ ಎಬ್ಬಿಸಿಕೊಂಡು ಹೋಗಿದ್ದಳು, ಕರ್ಮ. ಮೇಲೆ ನೋಡಿದರೆ ಖಾಲಿ ಆಕಾಶ, ಒಂದು ಕಾಗೆ. ಅವಳು ಉಸಿರು ಬಿಗಿಹಿಡಿದು ನಿಂತದ್ದು ನೋಡಿ ನಾನೂ ಸೆರಗು ಸರಿಮಾಡಿಕೊಂಡು ನಿಂತೆ.

ದೀಪಾವಳಿಯ ಹೊತ್ತಿಗೆ ಅಭಿಜ್ಞಾಳ ಫೋನು ಬಂತು. ಪಾರ್ವತವ್ವ ಗಿರಣಿಯ ಕಟ್ಟೆಯ ಮೇಲೇ ಇದ್ದಳು, ನಾನು ಮೋಟಾರು ನಿಲ್ಲಿಸಿದೆ. ಗುಡ್ಡ ಸರಿದಿದೆ. ಎರಡು ಬೆರಳಿನಷ್ಟು, ಮನೆಯ ಕಡೆಗೆ. ಅಭಿಜ್ಞಾ ಸಮಾಧಾನದ ಮಾತು ಎಷ್ಟೋ ಹೇಳಿದಳು, ನನಗೂ ಕೇಳುತ್ತಿತ್ತು. ಪಾರ್ವತವ್ವ ಅವಳನ್ನು ಕೇಳಿದ್ದು ಒಂದೇ: ತಗಡು ಅಲ್ಲೇ ಇರಲಾ? ಇರಲಿ ಎಂದಳು ಹುಡುಗಿ. ಫೋನಿಟ್ಟ ಮೇಲೆ ಪಾರ್ವತವ್ವ ಸ್ವಲ್ಪ ಹೊತ್ತು ಅತ್ತಳು. ಗಂಡನ ಜೊತೆ ತುಳಿದ ಮಣ್ಣು, ಅಳದೆ ಇರುತ್ತಾಳಾ? ಕಣ್ಣೊರೆಸಿಕೊಂಡು ಹಾನಗಲ್ಲಿಗೆ ಫೋನು ಹಚ್ಚಿದಳು.

“ದಿವ್ಯಾ, ಐದನೇ ತಿಂಗಳಿಗೆ ಕೂಸಿನ್ನ ಕರಕೊಂಡು ಬಾ. ಆ ಮನಿಗಲ್ಲ. ಗಿರಣಿ ಹಿಂದಿನ ಖೋಲಿಗೆ.”

ನನ್ನನ್ನು ಕೇಳಿದಳಾ? ಇಲ್ಲ. ಕೇಳುವುದು ಎಂತಕ್ಕೆ, ಜೋಳದ ಚೀಲ ಆಚೆ ಸರಿಸಿ ಖೋಲಿ ಗುಡಿಸಿದವಳು ನಾನೇ.

ಈಗ ತೊಟ್ಟಿಲು ನನ್ನ ಗಿರಣಿಯ ಗೋಡೆಯ ಆಚೆ ಇದೆ. ಕೆಳಗೆ ರಸ್ತೆಯ ಬದಿ ಉಲ್ಲಾಸ ಹೊಸ ಮನೆಗೆ ಪಾಯ ತೋಡಿಸುತ್ತಿದ್ದಾನೆ. ಪಾರ್ವತವ್ವ ಬೆಳಿಗ್ಗೆ ಗುಡ್ಡ ಹತ್ತಿ, ತಗಡಿನ ಎಲೆ ತೆಗೆದು, ಖಾಲಿ ಮನೆಯ ಬಾಗಿಲು ಮುಟ್ಟಿ ಬರುತ್ತಾಳೆ. ಊರವರು ಬಿಡುತ್ತಾರಾ? ಆಕಾಶ ಹೇಳಿತು ಅಂತ ಯಾರಾದರೂ ಮನೆ ಬಿಡುತ್ತಾರಾ ಎಂದು ಮೊನ್ನೆ ಯಾರೋ ಗಿರಣಿಯಲ್ಲೇ ನಕ್ಕರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

“ನಾ ಕೇಳಿದ್ದೆ,” ಅಂದಳು. “ಅದು ಹೇಳ್ತು.”